ಒಂಬತ್ತನೆಯ ದೀಪ

ತಂಗಿ ಅಕ್ಕನ ಬೆನ್ನ ಹಿಂದೆ ಕುಳಿತು ಜಡೆ ಹೆಣೆಯುತ್ತಿದ್ದಳು. ಸಿಕ್ಕು ಬಿಡಿಸುವಾಗ ಕೂದಲು ಜಗ್ಗಿದರೆ ಅಕ್ಕನ ತಲೆಯೂ ಜೊತೆಗೇ ಹಿಂದಕ್ಕೆ ಬರುತ್ತಿತ್ತು. ಅವಳ ಬಲಗೈ ಮಣಿಕಟ್ಟಿನ ಹತ್ತಿರವೇ ಮುಗಿದುಹೋಗಿ, ಬಿಳಿ ಪಟ್ಟಿ ಸುತ್ತಿಕೊಂಡು ತೊಡೆಯ ಮೇಲೆ ಬಿದ್ದಿತ್ತು. ಹದಿನೈದು ದಿನದ ಹಿಂದಿನವರೆಗೂ ಅದೇ ಕೈ ತಂಗಿಯ ಜಡೆಯನ್ನೂ ಹಾಕಿ, ತಲೆಗೊಂದು ಮೊಟಕಿ ಎಬ್ಬಿಸುತ್ತಿತ್ತು.

ಒಲೆಯ ಮುಂದಿನಿಂದ ಅಮ್ಮನ ದನಿ ಬಂತು. "ಈಗಲಾದ್ರೂ ನಿಜ ಹೇಳೇ. ಚಿಂದಿ ಸಿಕ್ಕಿಸಿದ್ಯೋ ಇಲ್ವೋ?"

"ಇಲ್ಲಮ್ಮ."

"ಹಾಗಾದ್ರೆ ಆ ಮೆಷಿನ್ನಿಗೇನು, ನಿನ್ನ ಮೇಲೆ ಹಳೇ ಹಗೆಯಾ?"

ತಂಗಿ ಜಡೆಯ ತುದಿಗೆ ರಬ್ಬರ್ ಸುತ್ತಿ ಎದ್ದಳು. ಉತ್ತರ ಅವಳಿಗೆ ಗೊತ್ತಿತ್ತು. ಹದಿನೈದು ದಿನದಿಂದ ಗಂಟಲಿನವರೆಗೆ ಬಂದು ಬಂದು ವಾಪಸ್ ಹೋಗುತ್ತಿತ್ತು.

ಅಕ್ಕತಂಗಿಯರಿಬ್ಬರೂ ಡಬ್ಬಿಯ ಮುಚ್ಚಳ ಮಾಡುವ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಅಕ್ಕ ಪ್ರೆಸ್ಸಿನ ಮುಂದೆ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟ ತಂಗಿ ಕಸಬರಿಗೆಯ ಹಿಂದೆ. ತಗಡಿನ ಚೂರು ಗುಡಿಸುತ್ತ ದಿನವಿಡೀ ಬಾಯಿ ಬಿಡದ ಅವಳಿಗೆ ಶೆಡ್ಡಿನವರು ಮೂಗಿ ಎಂದು ಹೆಸರಿಟ್ಟಿದ್ದರು. ಬಾಯಿಗೆ ಕೆಲಸವಿಲ್ಲದ್ದರಿಂದಲೋ ಏನೋ, ಕಣ್ಣು ಮಾತ್ರ ಬಿಡುವಿಲ್ಲದೆ ದುಡಿಯುತ್ತಿತ್ತು.

ಪ್ರೆಸ್ಸಿನ ಕೆಲಸ ನೋಡಲು ಸುಲಭ. ಅಚ್ಚಿನ ಮೇಲೆ ತಗಡಿಡಬೇಕು, ಜಾಲರಿ ಬಾಗಿಲು ಕೆಳಗೆಳೆದು ಮುಚ್ಚಬೇಕು, ಪೆಡಲ್ ತುಳಿಯಬೇಕು. ಮೇಲಿನ ಉಕ್ಕಿನ ದಿಮ್ಮಿ 'ಧಪ್' ಎಂದು ಇಳಿದು ಮುಚ್ಚಳ ಒತ್ತುತ್ತದೆ. ಜಾಲರಿ ತೆರೆದಿದ್ದರೆ ಎಷ್ಟೇ ತುಳಿದರೂ ಅದು ಇಳಿಯದು. ಹಾಗಾಗಿ ಕಾಲನ್ನು ಪ್ರತಿಸಲ ಎತ್ತಿ ಇಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಪೆಡಲ್ ಮೇಲಿಟ್ಟ ಕಾಲು ಊಟಕ್ಕೇ ಕೆಳಗಿಳಿಯುತ್ತಿತ್ತು. ಎತ್ತಿ ಎತ್ತಿ ಇಟ್ಟರೆ ದಿನಕ್ಕೆ ಹೇಳಿದಷ್ಟು ಮುಚ್ಚಳ ಮುಗಿಯುವುದೂ ಇಲ್ಲ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜಾಲರಿಯ ಕೊಕ್ಕೆಗೆ ಚಿಂದಿ ತುರುಕುತ್ತಿದ್ದರು. ಬಾಗಿಲು ಮುಚ್ಚಿದೆಯೆಂದೇ ಮೆಷಿನ್ನು ನಂಬುತ್ತಿತ್ತು. ಅಕ್ಕನೂ ಹಾಗೆ ಮಾಡಿಯೇ ಕೈ ಕಳೆದುಕೊಂಡಳೆಂದು ಸೂಪರ್‌ವೈಸರ್ ಕಾಗದದಲ್ಲಿ ಬರೆದು ಮುಗಿಸಿದ್ದ.

ಆದರೆ ಆ ಗಳಿಗೆಯಲ್ಲಿ ತಂಗಿ ಮೂರು ಮಾರು ದೂರದಲ್ಲಿದ್ದಳು. ಕೊಕ್ಕೆಯಲ್ಲಿ ಚಿಂದಿ ಇರಲಿಲ್ಲ. ಅವಳು ಕಂಡದ್ದು ಬೇರೆ.

ಪ್ರೆಸ್ಸಿನ ಪಕ್ಕದ ಪೆಟ್ಟಿಗೆಯ ಮೇಲೆ ಸಾಲಾಗಿ ಎಂಟು ಕೆಂಪು ದೀಪಗಳಿದ್ದವು. ಹೊಸಬಳಾಗಿದ್ದಾಗ ಅವು ಏಕೆ ಹೀಗೆ ಮಿಣುಕುತ್ತವೆ ಎಂದು ಒಮ್ಮೆ ಮೆಕ್ಯಾನಿಕ್ಕನ್ನು ಕೇಳಿದ್ದಳು. ಅವನು ನಕ್ಕಿದ್ದ. "ಓಹೋ, ಮೂಗಿಗೆ ಮಾತು ಬಂತು! ಅದು ಲೆಕ್ಕ ಕಣಮ್ಮ. ಇದಕ್ಕೆ ಗೊತ್ತಿರೋದು ಎರಡೇ ಮಾತು, ಹತ್ತಿದೆ, ಆರಿದೆ. ನಿನ್ನ ಮೊಬೈಲಲ್ಲಿರೋ ಅಕ್ಷರ, ಫೋಟೊ, ಎಲ್ಲಾ ಈ ಎರಡೇ ಮಾತಲ್ಲಿ ಬರೆದಿರೋದು. ಹೋಗು, ಗುಡಿಸು."

ಅವಳು ಗುಡಿಸುತ್ತ ಗುಡಿಸುತ್ತ ಉಳಿದದ್ದನ್ನು ತಾನೇ ಬಿಡಿಸಿಕೊಂಡಿದ್ದಳು. ಬಲತುದಿಯ ದೀಪಕ್ಕೆ ಒಂದರ ಬೆಲೆ. ಅದರ ಪಕ್ಕದ್ದಕ್ಕೆ ಎರಡು, ಆಮೇಲೆ ನಾಲ್ಕು, ಎಂಟು. ಹೀಗೆ ಎಡಕ್ಕೆ ಹೋದಂತೆ ಬೆಲೆ ಇಮ್ಮಡಿ. ಹತ್ತಿದವುಗಳ ಬೆಲೆ ಕೂಡಿದರೆ ಈಗ ಒತ್ತಬೇಕಾದ ಮುಚ್ಚಳ ಎಷ್ಟನೆಯದೆಂದು ತಿಳಿಯುತ್ತದೆ. ಶುರುವಿನ ಗುಂಡಿ ಒತ್ತಿದೊಡನೆ ಬಲತುದಿಯದೊಂದೇ ಹತ್ತುತ್ತದೆ, ಅದು ಮೊದಲ ಮುಚ್ಚಳ. ಎಂಟೂ ಹತ್ತಿದರೆ ಇನ್ನೂರ ಐವತ್ತೈದು. ಒಂದೂ ಹತ್ತದಿದ್ದರೆ ಸೊನ್ನೆ. ಸೊನ್ನೆಯನ್ನು ಅವಳು ಕಂಡಿದ್ದದ್ದು ಮೆಕ್ಯಾನಿಕ್ ತನ್ನ ಕೀಲಿ ತಿರುಗಿಸಿ ಅಚ್ಚು ಬದಲಿಸುವಾಗ ಮಾತ್ರ. ಆಗ ಜಾಲರಿ ತೆರೆದಿದ್ದರೂ ದಿಮ್ಮಿ ಇಳಿಯುತ್ತಿತ್ತು. ಕೆಲಸ ಇನ್ನೂ ಶುರುವಾಗಿಲ್ಲ, ಮುಂದೆ ನಿಂತಿರುವವನು ಮೆಕ್ಯಾನಿಕ್ಕೇ ಎಂದು ಸೊನ್ನೆಯ ಅರ್ಥ.

ಮೊದಲಿದ್ದ ಕ್ರೇಟಿನಲ್ಲಿ ಇನ್ನೂರು ಮುಚ್ಚಳ ಹಿಡಿಯುತ್ತಿತ್ತು. ತುಂಬಿದೊಡನೆ ಮೆಷಿನ್ನು ನಿಲ್ಲಿಸಿ ಕ್ರೇಟು ಬದಲಿಸಿ ಮತ್ತೆ ಶುರು ಮಾಡುತ್ತಿದ್ದರು; ಲೆಕ್ಕವೂ ಮತ್ತೆ ಒಂದರಿಂದ. ಹದಿನೈದು ದಿನದ ಹಿಂದೆ ಮುನ್ನೂರರ ಕ್ರೇಟು ಬಂತು. "ಕೋಳಿ ಕೇಳಿ ಮಸಾಲೆ ಅರೀತಾರಾ?" ಎಂದು ಗೊಣಗುತ್ತಲೇ ಅಕ್ಕ ಅದನ್ನು ಕಾಲಿನಿಂದ ತಳ್ಳಿ ಕೂರಿಸಿಕೊಂಡಿದ್ದಳು. ಆ ಬೆಳಿಗ್ಗೆ ಮೊದಲ ಬಾರಿಗೆ ತಂಗಿ ಎಂಟು ದೀಪಗಳೂ ಒಟ್ಟಿಗೆ ಉರಿಯುವುದನ್ನು ಕಂಡಳು. ಚೆಂದವೆನಿಸಿ ಕಸಬರಿಗೆ ನಿಲ್ಲಿಸಿ ನೋಡಿದಳು. ಧಪ್. ಇನ್ನೂರ ಐವತ್ತಾರು ಎಂದು ಹೇಳಲು ಒಂಬತ್ತನೆಯ ದೀಪ ಬೇಕಿತ್ತು. ಅದು ಇರಲಿಲ್ಲ. ಎಂಟೂ ಒಟ್ಟಿಗೆ ಆರಿದವು, ಮೆಷಿನ್ನಿನ ಲೆಕ್ಕಕ್ಕೆ ಅದು ಸೊನ್ನೆ. ಕಾಲು ಪೆಡಲ್ ಮೇಲಿಟ್ಟುಕೊಂಡೇ ಅಕ್ಕ ಜಾಲರಿ ಎತ್ತಿ, ತಗಡು ಹಿಡಿದು ಕೈ ಒಳಗಿಟ್ಟಳು.

ಆ ಕ್ರೇಟಿನ ಮುಚ್ಚಳಗಳನ್ನು ತೊಳೆದು ಪ್ಯಾಕಿಂಗಿಗೆ ಕೊಡೆಂದು ಆ ಸಂಜೆ ತಂಗಿಗೇ ಹೇಳಿದರು. ನಲ್ಲಿಯ ಕೆಳಗೆ ಕೂತು ಒಂದೊಂದನ್ನೇ ಉಜ್ಜಿದಳು. ಎಣಿಸಿದಳು. ಮತ್ತೆ ಎಣಿಸಿದಳು. ಇನ್ನೂರ ಐವತ್ತೈದು.

ಇವತ್ತು ಪ್ರೆಸ್ಸು ಮತ್ತೆ ಶುರು. ಅಕ್ಕನ ಜಾಗಕ್ಕೆ ಮೂಲೆಮನೆಯ ಅತ್ತಿಗೆಯನ್ನು ಹಾಕಿದ್ದರು. ಸಂಬಂಧದಲ್ಲಿ ಏನೂ ಅಲ್ಲ, ಬೀದಿಯವರಿಗೆಲ್ಲ ಆಕೆ ಅತ್ತಿಗೆಯೇ. ನಾಲ್ಕು ವರ್ಷ ಪ್ಯಾಕಿಂಗ್ ಮೇಜಿನಲ್ಲಿ ಹರಟಿದವಳು.

ತಂಗಿ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು. "ಅತ್ತಿಗೆ, ಕಾಲು ಪೆಡಲ್ ಮೇಲೇ ಇಡಬೇಡಿ."

"ಅಯ್ಯೋ ನನ್ನ ಬಂಗಾರ! ಎತ್ತಿ ಇಟ್ಟು, ಎತ್ತಿ ಇಟ್ಟು ಮಾಡ್ತಾ ಕೂತರೆ ನನ್ನ ಮೊಮ್ಮಕ್ಕಳ ಮದುವೆ ಹೊತ್ತಿಗೆ ಕ್ರೇಟು ತುಂಬುತ್ತೆ. ಹೆದರ್ಕೋಬೇಡ್ವೇ, ನಾನೇನು ಚಿಂದಿ ತುರುಕೋಳಲ್ಲ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. "ನಿಮ್ಮಕ್ಕನ್ನ ಆಡಿಕೊಂಡಿದ್ದಲ್ಲ ಕಣೇ."

ಧಪ್. ಧಪ್. ತಂಗಿ ಒಂದೇ ಮಾರು ನೆಲವನ್ನು ಮತ್ತೆ ಮತ್ತೆ ಗುಡಿಸುತ್ತ ದೀಪಗಳನ್ನೇ ನೋಡಿದಳು. ಎಡತುದಿಯ ದೀಪ ಹತ್ತಿತು, ನೂರ ಇಪ್ಪತ್ತೆಂಟು. ಇನ್ನೂರಾಯಿತು. ಇನ್ನೂರ ನಲವತ್ತಾಯಿತು. ಕಾಲು ಪೆಡಲ್ ಮೇಲೆಯೇ ಇತ್ತು. ಬಲತುದಿಯ ಎರಡು ದೀಪ ಬಿಟ್ಟು ಉಳಿದವೆಲ್ಲ ಹತ್ತಿದಾಗ ಅವಳಿಗೆ ತಡೆಯಲಾಗಲಿಲ್ಲ. ಓಡಿಹೋಗಿ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಪ್ರೆಸ್ಸು ನಿಂತಿತು. ದೀಪಗಳೂ ಆರಿದವು.

ಸೂಪರ್‌ವೈಸರ್ ಓಡಿ ಬಂದ. "ಯಾರಿಗೆ ಏನಾಯ್ತು?"

"ಏನೂ ಆಗಿಲ್ಲ. ಆಗ್ತಿತ್ತು," ಎಂದಳು ತಂಗಿ. ದನಿ ಅವಳದಲ್ಲವೆನ್ನುವಷ್ಟು ತೆಳ್ಳಗಿತ್ತು. "ಎಂಟೂ ಹತ್ತಿದ ಮೇಲೆ ಜಾಲರಿ ತೆಗೆದಿದ್ರೂ ಇಳಿಯುತ್ತೆ. ಅಕ್ಕನ ಕ್ರೇಟಲ್ಲಿ ಇನ್ನೂರ ಐವತ್ತೈದೇ ಇತ್ತು."

"ಮುನ್ನೂರು ಆಗ್ಬೇಕಿತ್ತು. ಅಷ್ಟರಲ್ಲಿ ನಿಮ್ಮಕ್ಕ ಕೈ ಕೊಟ್ಟಳು." ಪ್ಯಾಕಿಂಗ್ ಮೇಜಿನ ಕಡೆ ಯಾರೋ ಕಿಸಕ್ಕೆಂದರು. "ಕುಣಿಯಲಾರದವಳಿಗೆ ನೆಲ ಡೊಂಕಂತೆ. ಕೊಡಿಲ್ಲಿ ಆ ಕಸಬರಿಗೆ."

ಅವನು ಶುರುವಿನ ಗುಂಡಿ ಒತ್ತಿದ. ಜಾಲರಿ ಎತ್ತಿ, ಕಸಬರಿಗೆಯ ಕೋಲನ್ನು ಅಚ್ಚಿನ ಮೇಲಿಟ್ಟು, ಪೆಡಲನ್ನು ತುಳಿದ. ಮತ್ತೆ ತುಳಿದ. ದಿಮ್ಮಿ ಅಲ್ಲಾಡಲಿಲ್ಲ.

"ನೋಡಿದ್ಯಾ?"

ಬಲತುದಿಯ ಒಂದೇ ದೀಪ ಉರಿಯುತ್ತಿತ್ತು. ನಿಲ್ಲಿಸಿದ್ದರಿಂದ ಲೆಕ್ಕ ಮೊದಲಿಗೆ ಬಂದಿತ್ತು. ತಾನೇ ಕೈಯಾರೆ ಅಳಿಸಿದೆನೆಂದು ತಂಗಿಗೆ ಆಗ ಹೊಳೆಯಿತು.

"ಈಗಲ್ಲ ಸಾರ್. ಇನ್ನೂರ ಐವತ್ತೈದು ಒತ್ತಿ, ಆಮೇಲೆ ಕೋಲಿಡಿ."

"ನೀನು ಹೇಳಿದಾಗ ಕೋಲಿಡೋಕೆ ನಾನೇನು ನಿಮ್ಮಪ್ಪನ ಆಳಾ? ಹೊರಗೆ ನಡಿ. ಅಂಗಳ ಗುಡಿಸು. ಒಳಗೆ ಕಾಲಿಟ್ಟರೆ ನಾಳೆಯಿಂದ ಮನೇಲೇ ಇರು, ಅಕ್ಕನ ಜೊತೆ."

"ಹೋಗು ಪುಟ್ಟಿ," ಎಂದಳು ಅತ್ತಿಗೆ, ನಿಜವಾಗಿಯೂ ಮರುಗಿ. "ಅಕ್ಕನ ಸಂಕಟ ನಿನ್ನ ತಲೆಗೆ ಹತ್ತಿದೆ."

ಒಳಗೆ ಖಾಲಿ ಕ್ರೇಟು ಎಳೆದಿಟ್ಟು ಒಂದರಿಂದ ಮತ್ತೆ ಶುರು ಮಾಡಿದರು. ಅಂಗಳದಲ್ಲಿ ತಂಗಿ ಗುಡಿಸಲಿಲ್ಲ. ಒಳಗಿನ ಒಂದೊಂದು ಏಟಿಗೂ ಬೆರಳೆಣಿಸುತ್ತ ನಿಂತಳು. ಹೆಬ್ಬೆರಳುಗಳನ್ನು ಮಡಚಿದರೆ ಎಂಟು ಬೆರಳು, ಎಂಟು ದೀಪ; ಎತ್ತಿದ ಬೆರಳು ಹತ್ತಿದ ದೀಪ, ಮಡಚಿದ್ದು ಆರಿದ್ದು. ನೂರು ದಾಟಿದ ಮೇಲೆ ಮೆಕ್ಯಾನಿಕ್ ಎಣ್ಣೆ ಡಬ್ಬಿ ತುಂಬಿಕೊಳ್ಳಲು ಹೊರಬಂದ.

"ಅಣ್ಣಾ, ನೀವು ಕೀಲಿ ತಿರುಗಿಸಿದಾಗ ಎಷ್ಟು ದೀಪ ಹತ್ತಿರುತ್ತೆ?"

"ಒಂದೂ ಇಲ್ಲ. ಯಾಕೆ?"

"ಎಂಟೂ ಹತ್ತಿದ ಮೇಲೆ, ಮುಂದಿನದಕ್ಕೆ?"

ಅವನು ಬಾಯಿ ತೆರೆದ. ಡಬ್ಬಿ ತುಂಬಿ ಎಣ್ಣೆ ಬೆರಳ ಮೇಲೆ ಹರಿಯುತ್ತಿತ್ತು, ಗಮನಿಸಲಿಲ್ಲ. ಆ ಪೆಟ್ಟಿಗೆ ಕೂರಿಸಿದವನು ಅವನೇ. ಶೆಡ್ಡಿನ ಬಾಗಿಲ ಕಡೆ ನೋಡಿದ, ಆಮೇಲೆ ನೆಲ ನೋಡಿದ.

"ಅಕ್ಕ ಚಿಂದಿ ಇಟ್ಟಿರಲಿಲ್ಲ ಅಣ್ಣಾ."

"ಮೆತ್ತಗೆ ಮಾತಾಡು." ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಈಗ ನಿಲ್ಲಿಸಿದ್ರೆ ಆ ಸೂಪರ್‌ವೈಸರ್ ಯಾಕೆ ಅಂತಾನೆ. ಊಟದ ಹೊತ್ತಲ್ಲಿ ಮೆಷಿನ್ನು ಹೇಗೂ ಖಾಲಿ ಇರುತ್ತೆ. ಆಗ ನೋಡ್ತೀನಿ."

"ಊಟಕ್ಕೆ ಇನ್ನೂ ಒಂದು ಗಂಟೆ ಇದೆ. ಅಷ್ಟರಲ್ಲಿ ಎಂಟೂ ಹತ್ತಿಹೋಗುತ್ತೆ."

"ನೋಡ್ತೀನಿ ಅಂದ್ನಲ್ಲ," ಎಂದು ಒಳಗೆ ಹೋದ. ಹಿಂದೆಯೇ ತಗಡಿನ ಬಾಗಿಲು ಎಳೆದುಕೊಂಡ. ಚಿಲಕ ಬಿದ್ದ ಸದ್ದು ಕೇಳಿತು.

ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಅವಳು ಕಿವಿಗೊಟ್ಟಳು. ನೂರ ಐವತ್ತು. ಇನ್ನೂರು. ಏಟು ತಪ್ಪಲಿಲ್ಲ. ಒಳಗೆ ಅತ್ತಿಗೆ ಯಾವುದಕ್ಕೋ ಜೋರಾಗಿ ನಕ್ಕಳು. ಇನ್ನೂರ ಮೂವತ್ತು. ತಂಗಿ ಬಾಗಿಲನ್ನು ಬಡಿದಳು. ಲೆಕ್ಕ ತಪ್ಪದಂತೆ ಬೆರಳುಗಳನ್ನು ಹಾಗೇ ಹಿಡಿದಿಟ್ಟುಕೊಳ್ಳಬೇಕಾಗಿದ್ದರಿಂದ ಮೊಣಕೈಯಿಂದ ಬಡಿದಳು, ಆಮೇಲೆ ಹಣೆಯಿಂದ. ತಗಡಿನ ಸದ್ದು ತಗಡಿನ ಸದ್ದಿನಲ್ಲಿ ಕಲೆತುಹೋಯಿತು. ಅವಳು ಬಾಗಿಲ ಸಂದಿಗೆ ಬಾಯಿಟ್ಟು, ಹುಟ್ಟಿದಾಗಿನಿಂದ ಕೂಗದಷ್ಟು ಜೋರಾಗಿ ಕೂಗಿದಳು.

"ಅತ್ತಿಗೆ, ಕಾಲು ತೆಗೀರಿ!"

ಧಪ್.

ಮಡಚಿದ್ದ ಕೊನೆಯ ಬೆರಳೂ ಎದ್ದು, ಅವಳ ಎಂಟು ಬೆರಳೂ ನೆಟ್ಟಗೆ ನಿಂತವು.

"ಅಣ್ಣಾ, ಒಂದು ಸಲ ನಿಲ್ಲಿಸಿ ಅಣ್ಣಾ."