ಹನಮಂತವ್ವನ ಮಸಾರಿ ದಿನ್ನೆ

ಹಿರೇವಡ್ಡಟ್ಟಿಯ ಹನಮಂತವ್ವನಿಗೆ ಹೊಲದ ಮೂಲೆಯಲ್ಲಿದ್ದ ಮಸಾರಿ ದಿನ್ನೆ ಕಂಡರೆ ಆಗುತ್ತಿರಲಿಲ್ಲ. ಸುತ್ತೆಲ್ಲ ಕಪ್ಪು ಎರೆಮಣ್ಣು, ಇದೊಂದು ಕೆಂಪು, ಕಲ್ಲು ತುಂಬಿದ ಗಟ್ಟಿ ದಿಬ್ಬ. ಟ್ರ್ಯಾಕ್ಟರ್ ತಿರುಗಿಸಿ ಹೊಳ್ಳಿಸಲು ತೊಡಕು, ಬಿತ್ತಿದರೆ ಬೆಳೆ ಬಾರದು. ಮರುದಿನ ಮುಂಜಾನೆ ಜೇಸಿಬಿ ಬರುವುದಿತ್ತು. ದಿನ್ನೆ ಕಡಿಸಿ, ಮೇಲೆ ಕೆರೆಯ ಎರೆಮಣ್ಣು ಹೊಡೆಸಿ, ಹೊಲವನ್ನೆಲ್ಲ ಅಂಗೈಯಂತೆ ಸಪಾಟು ಮಾಡಿಸಬೇಕೆಂಬುದು ಆಕೆಯ ಆಸೆ.

ಇನ್ನೊಂದು ಚಿಂತೆ ಸೂರ್ಯಕಾಂತಿಯದು. ತಡವಾಗಿ ಬಿತ್ತಿದ ಕೆಲವು ಸಾಲು ಇನ್ನೂ ಹೂವಿನಲ್ಲಿದ್ದವು, ಉಳಿದದ್ದು ಬಲಿತು ಒಣಗಿತ್ತು. ಆಚೆ ತುದಿಯ ಒಳ್ಳೆಯ ಎರೆಯಲ್ಲಿ ಆಳೆತ್ತರದ ಗಿಡಗಳು ಮೊರದಗಲ ತೆನೆ ಬಿಟ್ಟಿದ್ದವು. ತಿಕ್ಕಿ ನೋಡಿದರೆ ಬರೀ ಜೊಳ್ಳು! ದೃಷ್ಟಿಯಾಗಿದೆ ಎಂದು ಹನಮಂತವ್ವ ಅಲ್ಲೊಂದು ಹರಿದ ಚಪ್ಪಲಿ ಕಟ್ಟಿದ್ದಳು.

ಅಂದು ಮಹಿಳಾ ಸಂಘದ ಗೆಳತಿ ಹಸೀನಾಬಿ ತನ್ನ ಮೊಮ್ಮಗಳು ಅಸ್ಮಾಳನ್ನು ಕರೆದುಕೊಂಡು ಹೊಲಕ್ಕೆ ಬಂದಳು. ಅಸ್ಮಾ ಗದಗಿನಲ್ಲಿ ಕಾಲೇಜು ಓದುವ ಹುಡುಗಿ. ಯಾವ ನೆಲದಲ್ಲಿ ಯಾವ ಜೀವ ಬಾಳುತ್ತದೆ ಎಂದು ಹೊಲ ತಿರುಗಿ ನೋಡುವುದು ಅವಳ ಓದಿನ ಕೆಲಸ.

"ದಿನ್ನಿ ಕಡಸ್ತೀಯಂತಲ್ಲ ಆಯಿ, ಒಂದ ಸಲ ನೋಡಾಕ ಬಂದೀನಿ," ಎಂದಳು ಅಸ್ಮಾ.

"ನೋಡವಾ, ಪುಕ್ಕಟೆ ನೋಡು. ಕಲ್ಲು, ಹುಲ್ಲು, ಇರಿವಿ ತೂತು. ಬ್ಯಾರೆ ಏನ ಐತಿ ಅಲ್ಲಿ?"

"ಆ ದಿನ್ನಿ ನಿನ್ನ ಹರಕ ಚಪ್ಪಲಿಗಿಂತ ಛಲೋ ಕೆಲಸ ಮಾಡತಿರಬೇಕು ತಗೋ," ಎಂದು ಹಸೀನಾಬಿ ನಕ್ಕಳು.

"ನಗು, ನಗು. ನಿಂದ ಕಣ್ಣ ಬಿದ್ದಿರಬೇಕು ನನ್ನ ಬೆಳಿಗೆ!"

ಅಸ್ಮಾ ಗೂಟ ನೆಟ್ಟು ಹಗ್ಗ ಕಟ್ಟಿ ಎರೆಯಲ್ಲಿ ಮಂಚದಗಲ ಚೌಕ ಮಾಡಿದಳು. ಒಳಗೆ ಕರಿಕೆ ಹುಲ್ಲು, ಒಂದೆರಡು ಎರೆಹುಳ. ನೀರು ನಿಲ್ಲುವ ತಗ್ಗಿನಲ್ಲಿ ಅಷ್ಟೇ ಚೌಕ ಹಾಕಿದಾಗ ಜೇಕಿನ ಹುಲ್ಲು, ಕಪ್ಪೆಮರಿ, ಬಸವನಹುಳು. ದಿನ್ನೆಯ ಮೇಲೆ ತುಂಬೆಗಿಡ, ಅರಣೆ, ಆ ತೂತುಗಳು.

"ಹೊಲ ಒಂದ, ನೆಲ ಮೂರು ಥರಾ. ಅದಕ್ಕ ಜೀವಾನೂ ಥರಾವರಿ ಅದಾವು ಆಯಿ."

"ಇರ್ಲಿ ಬಿಡು. ಅರಣಿ ನನಗ ಕಾಳ ತುಂಬಿ ಕೊಡತೈತೇನು?"

ಅಸ್ಮಾ ದಿನ್ನೆಯತ್ತ ಬೆರಳು ಮಾಡಿದಳು. "ಆ ತೂತ ನೋಡಕೋಂತ ಸ್ವಲ್ಪ ಕುಂಡ್ರು," ಎಂದಳು.

ಹನಮಂತವ್ವ ಗೊಣಗುತ್ತಲೇ ಕುಳಿತಳು. ಸ್ವಲ್ಪ ಹೊತ್ತಿಗೆ ಸಣ್ಣದೊಂದು ಹುಳ ಹಾರಿ ಬಂತು. ಹಿಂಗಾಲಿಗೆ ಹಳದಿ ಪುಡಿ ಮೆತ್ತಿಕೊಂಡಿತ್ತು. ಸರ್ರನೆ ತೂತಿನೊಳಗೆ ಹೊಕ್ಕಿತು. ಅದರ ಹಿಂದೆ ಇನ್ನೊಂದು.

"ಅಯ್ಯ, ಇದು ಇರಿವಿ ಅಲ್ಲ! ಜೇನಿದ್ದಂಗೈತಿ!"

"ನೆಲದಾಗ ಗೂಡ ಮಾಡೂ ಜೇನು ಆಯಿ. ಕಾಲಿಗೆ ಹತ್ತಿದ್ದು ನಿನ್ನ ಸೂರ್ಯಕಾಂತಿ ಹೂವಿನ ಪುಡಿ. ಎರಿ ಬ್ಯಾಸಗ್ಯಾಗ ಬಿರೀತೈತಿ, ಮಳಿಗೆ ಕೆಸರಾಗತೈತಿ. ಅದರಾಗ ಇವುಕ್ಕ ಮನಿ ನಿಂದರೂದಿಲ್ಲ, ಗಟ್ಟಿ ಮಸಾರೀನ ಬೇಕು. ಸಣ್ಣ ಹುಳ, ಭಾಳ ದೂರ ಹಾರೂದಿಲ್ಲ."

ಹನಮಂತವ್ವ ಎದ್ದು ದಿನ್ನೆಯ ಬಗಲಿನ ಸಾಲಿನಿಂದ ಒಂದು ಒಣ ತೆನೆ ಮುರಿದಳು. ಸಣ್ಣ ತೆನೆ. ತಿಕ್ಕಿ ಊದಿದರೆ ಅಂಗೈ ತುಂಬ ಗಟ್ಟಿ ಕಾಳು ಉಳಿಯಿತು. ಆಚೆ ತುದಿಗೆ ನಡೆದುಹೋಗಿ ಅಲ್ಲಿಯ ದೊಡ್ಡ ತೆನೆ ತಂದು ತಿಕ್ಕಿ ಊದಿದಳು. ಜೊಳ್ಳು ಹಾರಿ ಹಸೀನಾಬಿಯ ಸೆರಗಿಗೆ ಬಿತ್ತು.

"ಆ ತುದಿ ಮಸಾರಿ ಬದು ಹ್ವಾದ ವರ್ಷ ಕಡಿಸಿದಿ, ಅಲ್ಲಿ ಹುಳದ ಮನಿ ಹೋಗಿರಬೇಕು," ಎಂದಳು ಹಸೀನಾಬಿ ಸೆರಗು ಝಾಡಿಸುತ್ತ. "ಈಗ ಹೇಳು, ನಂದ ಕಣ್ಣ ಬಿದ್ದತೇನು?"

"ಅದೊಂದ ಕಾರಣ ಅಂತ ಖಡಾಖಂಡಿತ ಹೇಳಾಕ ಬರೂದಿಲ್ಲ ಅಜ್ಜಿ," ಎಂದಳು ಅಸ್ಮಾ. "ನೀರು, ಗೊಬ್ಬರಾನೂ ನೋಡಬೇಕು. ಆದ್ರ ಹೂವಿಗೆ ಹುಳ ಬರಲಿಲ್ಲಂದ್ರ ಕಾಳ ತುಂಬೂದು ಕಷ್ಟ."

ಸಂಜೆ ಹನಮಂತವ್ವ ದಿನ್ನೆ ಕಡಿಸುವುದು ಬೇಡ ಎಂದಾಗ ಮಗ ಗವಿಸಿದ್ದಪ್ಪನಿಗೆ ಸಿಟ್ಟು ಬಂತು. "ಯವ್ವಾ, ಹುಳದ ಸಲುವಾಗಿ ಕೆಲಸ ಬಿಡೂದಾ? ಟ್ರ್ಯಾಕ್ಟರ್ ಹೆಂಗ ಹೊಳ್ಳಿಸಲಿ?"

"ಸುತ್ತ ಹಾಕಿ ಹೊಳ್ಳಸು. ನಿಮ್ಮಪ್ಪ ಎತ್ತು ಹೊಳ್ಳಸಲಿಲ್ಲೇನು?" ಎಂದು ಆಕೆ ಎರಡೂ ಕಡೆಯ ತೆನೆಗಳನ್ನು ಅವನ ಮುಂದಿಟ್ಟಳು. "ತಿಕ್ಕಿ ನೋಡು, ಆಮ್ಯಾಲೆ ಬೈಯಿ."

ಗವಿಸಿದ್ದಪ್ಪ ತಿಕ್ಕಿದ. ಊದಿದ. ಫೋನ್ ತೆಗೆದು ಜೇಸಿಬಿಯವನಿಗೆ ಹಚ್ಚಿದ. "ಅಣ್ಣಾ, ನಾಳಿ ಬರಬ್ಯಾಡ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಲದಲ್ಲೂ ಒಂದು ದಿನ್ನೆ, ಒಂದು ತಗ್ಗು, ಒಂದು ಹಳೆಯ ಬದು ಇದ್ದೀತು. ಯಂತ್ರ ಕರೆಸುವ ಮುಂಚೆ ಸಂಘದವರೊಂದಿಗೆ ಹಗ್ಗ ಹಿಡಿದುಕೊಂಡು ಹೋಗಿ, ಒಂದೊಂದು ಕಡೆ ಕುಳಿತು ನೋಡಿ. ಬದುವಿನ ಹುಲ್ಲಿಗೆ ಬೆಂಕಿ ಇಡಬೇಡಿ. ಹೂವಿನ ಮೇಲೆ ಹುಳ ಆಡುವ ಹೊತ್ತಿನಲ್ಲಿ ಔಷಧಿ ಹೊಡೆಯಬೇಡಿ. ಕಡಿಸುವುದು ಒಂದು ಮುಂಜಾನೆಯ ಕೆಲಸ. ಕಡಿಸಿದ ಮೇಲೆ ಆ ಜೀವಗಳನ್ನು ಯಾವ ಯಂತ್ರವೂ ತಂದು ಬಿಡುವುದಿಲ್ಲ.