ಹಳದಿಯ ಪಾತ್ರೆಗೆ ಬಿದ್ದ ಬೀಗದಕೈ

ಬೀಗ ರಿಪೇರಿಯ ಅಂಗಡಿ ಮುಚ್ಚಿದ ಮೇಲೆ ಮಾವನವರಿಗೆ ಹೊತ್ತೇ ಹೋಗುತ್ತಿರಲಿಲ್ಲ. ಸೊಸೆ ಹಿತ್ತಿಲಲ್ಲಿ ಉಣ್ಣೆಗೆ ಬಣ್ಣ ಹಾಕುವಾಗಲೆಲ್ಲ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಪುಕ್ಕಟೆ ಸಲಹೆ ಕೊಡುತ್ತಿದ್ದರು. ಒಂದು ಬೆಳಿಗ್ಗೆ ಅವಳು ತಡೆಯಲಾರದೆ ಕೋಲನ್ನು ಅವರ ಕೈಗೇ ಕೊಟ್ಟಳು.

ಸ್ಟೀಲ್ ಪಾತ್ರೆಯಲ್ಲಿ ಈರುಳ್ಳಿ ಸಿಪ್ಪೆಯ ಕಷಾಯ ಸಣ್ಣಗೆ ಕುದಿಯುತ್ತಿತ್ತು. ಬಣ್ಣ ಚೆನ್ನಾಗಿ ಕಚ್ಚಲೆಂದು ಹಿಂದಿನ ದಿನವೇ ಪಟಿಕದ ನೀರಿನಲ್ಲಿ ಅದ್ದಿಟ್ಟಿದ್ದ ನೂಲಿನ ಲಡಿಗಳನ್ನು ಅದಕ್ಕೆ ಇಳಿಸಿ, "ಮೆಲ್ಲಗೆ ತಿರುಗಿಸ್ತಾ ಇರಿ ಮಾವ. ಎದುರುಮನೆ ನರ್ಸಮ್ಮನ ಮಗುವಿನ ಸ್ವೆಟರಿಗೆ ಚಿನ್ನದಂಥ ಹಳದಿ ಬರ್ಬೇಕು" ಎಂದು ಹೇಳಿ ಒಳಗೆ ಹೋದಳು.

ಅವರು ಬಗ್ಗಿದ್ದೇ ತಡ, ಅಂಗಿಯ ಜೇಬಿನಲ್ಲಿದ್ದ ತುಕ್ಕು ಹಿಡಿದ ಬೀಗದಕೈ ಗೊಂಚಲು ಗುಳುಕ್ಕೆಂದು ಪಾತ್ರೆಯೊಳಗೆ ಬಿತ್ತು. ಎಷ್ಟು ತಡಕಾಡಿದರೂ ಕೋಲಿಗೆ ಸಿಗಲಿಲ್ಲ. ಏನೂ ಆಗದವರಂತೆ ತಿರುಗಿಸುತ್ತಾ ಕೂತರು. ಗಂಟೆ ಕಳೆದು ಅವಳು ಬಂದು ಲಡಿ ಎತ್ತಿದರೆ, ಅದು ಪಾಚಿಯ ಹಸಿರು!

"ಮಾವ, ಏನು ಹಾಕಿದ್ರಿ ಇದಕ್ಕೆ?"

"ನಾನು ಹಾಕ್ಲಿಲ್ಲಮ್ಮ, ಅದೇ ಬಿತ್ತು" ಎಂದು ಅವರು ಮುಖ ಸಣ್ಣದು ಮಾಡಿಕೊಂಡು ನಡೆದದ್ದನ್ನೆಲ್ಲ ಒಪ್ಪಿಸಿದರು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಬ್ಬಿಣದ ತುಕ್ಕು ಸೇರಿದ್ರೆ ಈ ಹಳದಿ ಹಸಿರಾಗುತ್ತೆ. ಇಂಥ ಹಸಿರಿಗಾಗಿ ಎರಡು ತಿಂಗಳಿಂದ ಮೊಳೆ ಹಾಕಿ ಹಾಕಿ ಸಾಕಾಗಿತ್ತು ನಂಗೆ. ಇನ್ನೂ ಇದಾವಾ ಇಂಥ ಬೀಗದಕೈ?"

ಮಧ್ಯಾಹ್ನ ನರ್ಸಮ್ಮನ ಹಳದಿಗಾಗಿ ಬೇರೆ ಪಾತ್ರೆ ಒಲೆಯೇರಿತು. ಅಷ್ಟರಲ್ಲಿ ಮಾವನವರು ಅಟ್ಟದಿಂದ ಅಂಗಡಿಯ ಹಳೇ ಬೀಗದಕೈಗಳ ಪೆಟ್ಟಿಗೆ ಇಳಿಸಿಕೊಂಡು, ಕನ್ನಡಕ ಏರಿಸಿ, ಒಳ್ಳೇ ತುಕ್ಕು ಹಿಡಿದವನ್ನೇ ಆರಿಸುತ್ತಾ ಕೂತಿದ್ದರು.