ತೊಳೆದರೂ ಹೋಗದ ಕಪ್ಪು

ಎಣ್ಣೆಯ ಹನಿ ಈ ಸಲ ಸೀದಾ ಕಿವಿಯೊಳಗೇ ಬಿತ್ತು, ಥೂ, ಗುರುಸಿದ್ದಪ್ಪ ತಲೆ ಕೊಡವಿದ, ಕೊಡವಿದ ರಭಸಕ್ಕೆ ಹಣೆ ಹೋಗಿ ಕಾರಿನ ತಳಕ್ಕೆ ಬಡಿಯಿತು, ಬಡಿಯಲಿ, ಅದೊಂದು ಯಾಕೆ ಬಾಕಿ, ಏಳು ಗಂಟೆಗೆ ಈ ಅಂಬಾಸಿಡರ್ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದು, ಆಗಲೇ ಹತ್ತು ಆಗುತ್ತ ಬಂತು, ಬೆರಳುದ್ದದ ಬೋಲ್ಟಿನ ಅರ್ಧ ತುಂಡು ಮಾತ್ರ ಎಂಜಿನ್ ಹೊತ್ತು ನಿಲ್ಲುವ ಬ್ರಾಕೆಟ್ಟಿನ ತೂತಿನೊಳಗೆ ಕೂತುಬಿಟ್ಟಿದೆ, ತಲೆ ಮುರಿದು ರಸ್ತೆಯಲ್ಲೆಲ್ಲೋ ಬಿದ್ದುಹೋಗಿದೆ, ಉಳಿದ ಮುಂಡ ಒಳಗೆ — ಹಿಡಿಯಲು ತುದಿ ಇಲ್ಲ, ತಿರುಗಿಸಲು ಅಂಚಿಲ್ಲ, ಕಣ್ಣಿಗೆ ಕಾಣುವುದು ಗ್ರೀಸು ಮೆತ್ತಿದ ಒಂದು ಕಪ್ಪು ಚುಕ್ಕೆ ಅಷ್ಟೇ, ಅದೂ ಬೆಳಕು ಹಿಡಿದವನ ಕೈ ನಿಂತರೆ. ನೆಟ್ಟಗ ಹಿಡಿಯೋ, ನನ್ನ ಮೂಗಿಗೆ ಯಾಕ ಬಿಡ್ತಿ ಬ್ಯಾಟರೀನ? ಹಿಡಿದೀನ್ರಿ ಭಾವ, ಎಂದ ದತ್ತಾತ್ರೇಯ, ಹೆಂಡತಿಯ ತಮ್ಮ, ಸುಲ್ತಾನ್ ಬಜಾರಿನ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಮೆತ್ತನೆ ಕೈಯವನು, ಇವನ ಕೈಗೆ ಸ್ಟೇರಿಂಗ್ ಕೊಟ್ಟೆನಲ್ಲ, ಕೊಟ್ಟದ್ದಕ್ಕೇ ಈಗ ಅಂಗಾತ ಬಿದ್ದಿದ್ದೇನೆ, ಐವತ್ತೆರಡನೇ ವಯಸ್ಸಿಗೆ, ರಜೆ ಹಾಕಿ.

ಕೊಡದೆ ಇರಲಿಕ್ಕೂ ಆಗುತ್ತಿರಲಿಲ್ಲ, ನಾಲ್ಕು ದಿನದ ಹಿಂದೆ ನಸುಕಿನಲ್ಲಿ ಬಾಗಿಲು ಬಡಿದು ನಿಂತಿದ್ದ, ನಳಿನಿಗೆ ಬ್ಯಾನಿ ಚಾಲೂ ಆಗ್ಯಾವ, ಗಾಡಿ ಕೊಡ್ರಿ, ಎಂದ, ನಳಿನಿ ಅವನ ಹೆಂಡತಿ, ದಿನ ತುಂಬಿದ ಬಸುರಿ, ಗುರುಸಿದ್ದಪ್ಪನಿಗೆ ಕಾರ್ಖಾನೆಯಲ್ಲಿ ಮೊದಲ ಪಾಳಿ, ಕೀಲಿ ಎಸೆದ, ನಿಧಾನ ಹೋಗೋ ಎಂದೂ ಅಂದಿದ್ದ, ಅಂದಿದ್ದೆ, ಹೆಂಡತಿ ಗುಣವತಿಯೇ ಸಾಕ್ಷಿ. ನಿಧಾನ! ಅಮೀರ್‌ಪೇಟ್ ದಾಟುವುದರೊಳಗೆ ಎಂಜಿನ್ ಒಂದು ಮಗ್ಗುಲಿಗೆ ವಾಲಿ, ಫ್ಯಾನು ರೇಡಿಯೇಟರಿಗೆ ತಾಗಿ, ಗಾಡಿ ನಡುರಸ್ತೆಯಲ್ಲಿ ನಿಂತುಬಿಟ್ಟಿತಂತೆ, ನಳಿನಿ ಫುಟ್‌ಪಾತಿನ ಮೇಲೆ ಕೂತು ಕಿರುಚುತ್ತಿದ್ದಳಂತೆ, ಮೂರು ಆಟೋದವರು ನೋಡಿ ಹಾಗೇ ಹೋದರಂತೆ, ನಾಲ್ಕನೆಯವನು ಅಯ್ಯೋ ಅಮ್ಮಾ ರಂಡಿ ರಂಡಿ ಎಂದು ತೆಲುಗಿನಲ್ಲಿ ಬನ್ನಿ ಬನ್ನಿ ಅನ್ನುತ್ತ ಹತ್ತಿಸಿಕೊಂಡನಂತೆ, ಕೂಸು ಆಸ್ಪತ್ರೆಯ ಗೇಟಿನಲ್ಲಿ, ಆಟೋದ ಸೀಟಿನ ಮೇಲೇ ಹುಟ್ಟಿತು. ಹೆಣ್ಣು. ಹುಟ್ಟಿದಾಗ ಅಳಲಿಲ್ಲ, ದಾದಿ ಕಾಲು ಹಿಡಿದು ತೂಗಿ ಬೆನ್ನಿಗೆ ಎರಡು ಕೊಟ್ಟ ಮೇಲೆ ಅತ್ತಿತು, ಹುಟ್ಟಿದ್ದಕ್ಕೂ ಅತ್ತದ್ದಕ್ಕೂ ನಡುವಿನ ಹೊತ್ತು ಎಷ್ಟಿತ್ತು ಅಂತ ದತ್ತಾತ್ರೇಯ ಹೇಳಲಿಕ್ಕೆ ಹೋಗಿ ಬಾಯಿ ಮುಚ್ಚಿಕೊಂಡ, ಆಗಲೇ ಗುರುಸಿದ್ದಪ್ಪ ಆಸ್ಪತ್ರೆಯ ವರಾಂಡದಲ್ಲಿ ಎಲ್ಲರ ಮುಂದೆ ಅಂದದ್ದು, ನಿನ್ನಂಥಾವನ ಕೈಯಾಗ ಗಾಡಿ ಕೊಟ್ಟಿದ್ದು ನನ್ನ ತಪ್ಪು, ಹೆಂಡತಿ ಕೂಸು ಇಬ್ಬರ್ನೂ ಕೊಲ್ಲಾಕ ಹೊಂಟಿದ್ದಿ. ಅಂದೆ. ಅನ್ನಬೇಕಾದ್ದೇ. ರಸ್ತೆಯ ತಗ್ಗು ನೋಡದೆ ಗಾಡಿ ಹಾರಿಸಿದರೆ ಉಕ್ಕು ಏನು ಮಾಡೀತು? ಹೂಂ ಭಾವ, ನಂದೇ ತಪ್ಪು, ಅಂದ ಅವನು, ಅಷ್ಟೇ, ಅಂದಿನಿಂದ ಕೂಸನ್ನು ಎತ್ತಿಕೊಂಡಿಲ್ಲ, ತೊಗೋರಿ ಅಂತ ನಳಿನಿ ಚಾಚಿದರೆ ಬ್ಯಾಡ, ನನ್ನ ಕೈ ಸರಿ ಇಲ್ಲ, ಅಂತಾನಂತೆ, ನಾಟಕ, ಕೈ ಸರಿ ಇಲ್ಲದವನು ಈಗ ಬ್ಯಾಟರಿ ಯಾಕೆ ಹಿಡಿದಿದ್ದಾನೆ.

ಮತ್ತೆ ಡ್ರಿಲ್ಲು, ಕೈಯಲ್ಲಿ ತಿರುವುವ ಡ್ರಿಲ್ಲು, ಮೊಣಕೈ ನೆಲಕ್ಕೆ ತಾಗುತ್ತದೆ, ಪೂರ್ತಿ ಸುತ್ತು ಬರುವುದಿಲ್ಲ, ಅರ್ಧ ಸುತ್ತು, ಅರ್ಧ ಸುತ್ತು, ತುಂಡಿನ ನಡುವೆ ಸಣ್ಣ ತೂತು ಬೀಳಬೇಕು, ನಡುವೆಯೇ ಬೀಳಬೇಕು, ಅದರೊಳಗೆ ಚೌಕ ಮೊನೆಯ ಕಬ್ಬಿಣ ಬಡಿದು ಎಡಕ್ಕೆ ತಿರುಗಿಸಬೇಕು, ಇಷ್ಟೇ ಕೆಲಸ, ಕಾರ್ಖಾನೆಯ ಮೇಜಿನ ಮೇಲಾದರೆ ಹತ್ತು ನಿಮಿಷ — ಟಿಕ್, ಅಂದಿತು, ಡ್ರಿಲ್ಲಿನ ಮೊನೆಯೇ ಮುರಿಯಿತು, ಇದರ ಮನೆ ಹಾಳಾಗ! ರೀ, ಅಂತ ಗುಣವತಿ ಮೆಟ್ಟಿಲ ಮೇಲಿಂದ, ಎಷ್ಟೊತ್ತಾಗತೈತ್ರಿ? ಹನ್ನೆರಡಕ್ಕ ದವಾಖಾನಿಯಿಂದ ಬಿಡ್ತಾರ ಅಂತ ಹೇಳ್ಯಾರ, ನಳಿನಿ ಆಟೋದಾಗ ಮಾತ್ರ ಕೂಡಂಗಿಲ್ಲ ಅಂತಾಳ, ಆ ಸಪ್ಪಳ ಕೇಳಿದ್ರ ಸಾಕು ಮೈ ನಡಗತೈತಿ ಅಂತ. ಗೊತ್ತೈತಿ, ಗೊತ್ತೈತಿ, ನೀನೂ ಒಂದು ಹೇಳು. ಇನ್ನೊಂದು ಮೊನೆ ಸಿಕ್ಕಿಸಿದ, ಸೀಮೆಎಣ್ಣೆ ಹನಿಸಿದ, ಬೆವರು ಕಣ್ಣಿಗಿಳಿಯಿತು, ಇಪ್ಪತ್ತಾರು ವರ್ಷ ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಉಪಕರಣಕ್ಕೆ ಕೂದಲೆಳೆಯ ಅಳತೆಯಲ್ಲಿ ಉಕ್ಕು ಕಡೆದವನು, ಈ ಬೋಲ್ಟನ್ನೂ ತಾನೇ ಕಡೆದದ್ದು, ಎರಡು ವರ್ಷದ ಹಿಂದೆ, ಅಂಗಡಿಯ ಸಾಮಾನಿನ ಮೇಲೆ ನಂಬಿಕೆ ಇಲ್ಲದೆ ಊಟದ ಬಿಡುವಿನಲ್ಲಿ ಲೇತಿನ ಮೇಲೆ, ಅದು ತಾನಾಗಿ ಮುರಿಯುವ ಮಾಲೇ ಅಲ್ಲ, ಮುರಿದದ್ದಲ್ಲ ಮುರಿಸಿದ್ದು, ತುಂಡು ಹೊರಗೆ ಬರಲಿ, ಇವನ ಕೈಯಲ್ಲೇ ಇಟ್ಟು ತೋರಿಸುತ್ತೇನೆ, ಒಂದೇ ಏಟಿಗೆ ಮುರಿದ ಉಕ್ಕಿನ ಮುಖ ಹೇಗಿರುತ್ತದೆ ಅಂತ, ಸಕ್ಕರೆ ಹರಳಿನ ಹಾಗೆ ಹೊಳೆಯುತ್ತದೆ, ಹೊಸಬರಿಗೆ ಪಾಠ ಹೇಳುವಾಗಲೆಲ್ಲ ಅದನ್ನೇ ಹೇಳುತ್ತೇನೆ, ಮುರಿದ ಉಕ್ಕು ಸುಳ್ಳು ಹೇಳುವುದಿಲ್ಲ.

ತೂತು ಬಿತ್ತು. ಚೌಕ ಮೊನೆ ಬಡಿದ, ತಿರುಗಿಸಿದ, ಜಾರಿತು, ಗೆಣ್ಣಿನ ಚರ್ಮ ಕಿತ್ತಿತು, ಮತ್ತೆ ಬಡಿದ, ಮತ್ತೆ ಜಾರಿತು, ಭಾವ, ಸ್ವಲ್ಪ ಸುಧಾರಿಸ್ಕೋರಿ, ನೀ ಸುಮ್ಮನಿರು, ಮೂರನೇ ಸಲ ಉಸಿರು ಹಿಡಿದು ಭುಜದ ಭಾರವನ್ನೆಲ್ಲ ಎಡಕ್ಕೆ ಹಾಕಿದಾಗ ಕ್ರೀ ಅಂತ ಒಂದು ಸಣ್ಣ ನರಳು, ಕೂದಲಷ್ಟು ಸರಿಯಿತು, ಸರಿಯಿತೋ, ಸರಿಯಿತು, ಕಾಲು ಸುತ್ತು, ಅರ್ಧ, ಬಾ ನನ್ನಪ್ಪ, ಬಾ, ಒಂದು ಸುತ್ತು, ಇನ್ನೊಂದು, ಮತ್ತೊಂದು, ಅಂಗೈಗೆ ಬಿಸಿಯಾಗಿ ಬಿತ್ತು ತುಂಡು, ಬಂತ ನೋಡು! ಎಂದು ಕೂಗಿ ತೆವಳುತ್ತ ಹೊರಗೆ ಬಂದ, ಬಿಸಿಲು ಕಣ್ಣಿಗೆ ಹೊಡೆಯಿತು, ಗುಣವತಿ ಚಹಾ ಹಿಡಿದು ಓಡಿಬಂದಳು, ನಾಲ್ಕು ದಿನದಲ್ಲಿ ಮೊದಲ ಸಲ ದತ್ತಾತ್ರೇಯನ ಹಲ್ಲು ಕಂಡವು, ನಿಲ್ಲು, ಎಂದ ಗುರುಸಿದ್ದಪ್ಪ, ನಗಬ್ಯಾಡ, ನಿನ್ನ ಪ್ರತಾಪ ನಿನಗ ತೋರಸ್ತೀನಿ, ಸೀಮೆಎಣ್ಣೆಯ ಬಟ್ಟಲಲ್ಲಿ ತುಂಡನ್ನು ಅದ್ದಿದ, ಚಿಂದಿಯಿಂದ ಒರೆಸಿದ.

ಕಪ್ಪು ಹೋಗಲಿಲ್ಲ. ಇನ್ನೊಮ್ಮೆ ಅದ್ದಿದ, ಗ್ರೀಸು ಹಳೆಯದಿರಬೇಕು, ಹಳೆ ಗ್ರೀಸು ಅಂಟಿರುತ್ತದೆ, ಉಗುರಿನಿಂದ ಕೆರೆದ, ಬ್ರಶ್ಶಿನಿಂದ ತಿಕ್ಕಿದ, ಎಣ್ಣೆಯೆಲ್ಲ ಹೋಯಿತು, ಕಪ್ಪು ಅಲ್ಲೇ ಇತ್ತು, ಅದು ಗ್ರೀಸಲ್ಲ, ಮುರಿದ ಮುಖದ ಮೇಲೆ ಕಪ್ಪಿಟ್ಟ ಹಳೆಯ ತುಕ್ಕು, ಅಲೆಯ ಗೆರೆಗಳ ಹಾಗೆ ಒಂದರ ಹಿಂದೆ ಒಂದು, ಎಷ್ಟೋ ತಿಂಗಳಿಂದ ದಿನಕ್ಕಿಷ್ಟು ದಿನಕ್ಕಿಷ್ಟು ಒಳಗೆ ಸರಿದು ಬಂದ ಬಿರುಕು, ಅಂಚಿನಲ್ಲಿ ಮಾತ್ರ ಕತ್ತರಿಸಿ ಎಸೆದ ಉಗುರಿನಷ್ಟು ಬಿಳುಪು, ಮೊನ್ನೆ ಮುರಿದದ್ದು ಅಷ್ಟೇ, ಇಡೀ ಎಂಜಿನ್ ಆ ಉಗುರಿನ ಮೇಲೆ ನಿಂತಿತ್ತು, ಯಾರು ಓಡಿಸಿದ್ದರೂ, ತಾನೇ ಓಡಿಸಿದ್ದರೂ — ಬಿರುಕು ಹುಟ್ಟಿದ್ದು ಎಲ್ಲಿಂದ, ಅದೂ ಕಾಣುತ್ತಿದೆ, ಬೋಲ್ಟಿನ ತಿರುಪಿನ ಸುತ್ತುಗೆರೆ ಕೊನೆಯಾಗುವಲ್ಲಿ ಚೂಪು ಮೂಲೆ, ಮೂಲೆಯನ್ನು ಗುಂಡಗೆ ಮಾಡ್ರೋ, ಚೂಪು ಬಿಟ್ಟರೆ ಉಕ್ಕು ಅಲ್ಲೇ ಸೀಳುತ್ತದೆ ಅಂತ ಎಷ್ಟು ಹುಡುಗರಿಗೆ ಬೈದಿಲ್ಲ, ಅವತ್ತು ಊಟದ ಬಿಡುವು ಮುಗಿದ ಸೈರನ್ ಆಗಿತ್ತು, ನಡೀತೈತಿ ಬಿಡು ಅಂತ ಹಾಗೇ ಲೇತಿನಿಂದ ಕಿತ್ತು ಜೇಬಿಗೆ ಹಾಕಿಕೊಂಡಿದ್ದ, ಹಾಕಿಕೊಂಡಿದ್ದೆ.

ಏನು ಭಾವ, ಎಂದ ದತ್ತಾತ್ರೇಯ, ಏನು ಕಾಣ್ತೈತ್ರಿ? ಸುಮ್ಮನೆ ಗಟಾರಕ್ಕೆ ಎಸೆದುಬಿಡಬಹುದು, ಇವರಿಗೆ ಉಕ್ಕು ಓದಲು ಬರುವುದಿಲ್ಲ, ಹೊಸ ಬೋಲ್ಟು ಹಾಕಿದರೆ ಅರ್ಧ ಗಂಟೆ, ಹನ್ನೆರಡಕ್ಕೆ ಆಸ್ಪತ್ರೆ, ಇವನು ಹಿಂದಿನ ಸೀಟಿನಲ್ಲಿ ಕೈ ಮಡಚಿಕೊಂಡು ಕೂರುತ್ತಾನೆ, ಜೀವಮಾನವಿಡೀ ಹಾಗೇ ಕೂರುತ್ತಾನೆ. ದತ್ತೂ, ಎಂದ, ಇದು ಮೊನ್ನೆ ಮುರಿದದ್ದಲ್ಲ. ಮತ್ತ? ಭಾಳ ದಿನದಿಂದ ಮುರಿಯಾಕತ್ತಿತ್ತು. ನಾ ಕೆಟ್ಟದಾಗಿ ಮಾಡಿದ್ದೆ. ಮುರಿಸಿದಾವ ನಾನು. ಗುಣವತಿ ಚಹಾದ ಲೋಟ ಕೆಳಗಿಟ್ಟಳು. ದತ್ತಾತ್ರೇಯ ತುಂಡನ್ನು ನೋಡಲಿಲ್ಲ, ಇವನ ಮುಖವನ್ನೇ ನೋಡಿದ, ಹಂಗಾರ ನಾ ಅಲ್ಲೇನ್ರಿ ಭಾವ? ನೀ ಅಲ್ಲ. ಅವನು ಗೇಟಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ, ಭುಜಗಳು ಅಲುಗುತ್ತಿದ್ದವು, ಗುಣವತಿ ಏನೋ ಅಂದಳು, ಏಳ್ರಿ ಅಂದಳೋ, ಹೊತ್ತಾತು ಅಂದಳೋ, ಏಳಬೇಕು, ಹೊಸ ಬೋಲ್ಟು ಹಾಕಬೇಕು, ನಾಲ್ಕು ಸಲ ನೋಡಿ ಹಾಕಬೇಕು, ಏಳುತ್ತೇನೆ, ಅಂಗೈ ಮುಚ್ಚಿದರೂ ಕಾಣುತ್ತದೆ, ಕಪ್ಪು, ಕಪ್ಪು, ಅಂಚಿನಲ್ಲಿ ಉಗುರಿನಷ್ಟು ಬಿಳುಪು —